ಇಪ್ಪತ್ತನಾಲ್ಕು ಬೆಂಕಿಪೊಟ್ಟಣ

ನಮ್ಮ ಮನೆಗೆ ಯಾರೇ ಬರಲಿ, ಅಜ್ಜಿ ಮೊದಲು ಅವರ ಕಾಲು ನೋಡುತ್ತಿದ್ದಳು. ಆಮೇಲೆ ಮೂಗು ಮುಂದೆ ಮಾಡಿ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದಳು. ಮುಖ ನೋಡುವುದು ಕೊನೆಗೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಬೀಡಿ ಸೇದಿ ಬಂದವರು, ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡು ಬಂದವರು, ತೋಟಕ್ಕೆ ಔಷಧಿ ಹೊಡೆದು ಅದೇ ಅಂಗಿಯಲ್ಲಿ ಬಂದವರು, ಎಲ್ಲರಿಂದಲೂ ಹುಳುವಿಗೆ ಕೇಡು. ಹುತ್ತೂರಿನಿಂದ ಮೂರು ಮೈಲಿ ಒಳಗಿದ್ದ ನಮ್ಮ ಊರಿನಲ್ಲಿ ಆಗ ಹುಳುವಿಗೆಂದೇ ಬೇರೆ ಮನೆ ಕಟ್ಟಿದವರು ಇರಲಿಲ್ಲ. ಮರಿ ಬಂತೆಂದರೆ ನಡುಮನೆ ಹುಳುವಿನದು. ನಾವು ಜಗಲಿ ಮತ್ತು ಅಡುಗೆಮನೆಯಲ್ಲಿ ಹಂಚಿಹೋಗುತ್ತಿದ್ದೆವು. ಬಿದಿರು ತಟ್ಟೆಗಳು ಒಂದರ ಮೇಲೊಂದು ತೊಲೆ ಮುಟ್ಟುವ ತನಕ ನಿಲ್ಲುತ್ತಿದ್ದವು. ಅವುಗಳ ಗೂಟದ ಬುಡಕ್ಕೆ ನೀರು ತುಂಬಿದ ಬಟ್ಟಲು, ಇರುವೆ ಹತ್ತದಿರಲಿ ಎಂದು. ಆ ಇಪ್ಪತ್ತೈದು ದಿನ ಅಮ್ಮ ಒಗ್ಗರಣೆ ಹಾಕುತ್ತಿರಲಿಲ್ಲ. ಮುದ್ದೆ, ಬೇಯಿಸಿದ ಸೊಪ್ಪು, ಘಾಟಿಲ್ಲದ ಸಾರು. ಊಟಕ್ಕೆ ಕೂತಾಗ ನಡುಮನೆಯಿಂದ ಹುಳು ಮೇಯುವ ಸದ್ದು ಬರುತ್ತಿತ್ತು, ಯಾರೋ ಪಕ್ಕದಲ್ಲಿ ಕಾಗದ ಮಡಚುತ್ತಾ ಕೂತಿದ್ದಾರೆ ಅನ್ನುವ ಹಾಗೆ.

ಕದ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಹೊರಗೆ ಯಾರಾದರೂ ಬಡಿದರೆ ಅಜ್ಜಿ ಒಳಗಿನಿಂದಲೇ ವಿಚಾರಣೆ ನಡೆಸುತ್ತಿದ್ದಳು. ಯಾರ ಮಗ, ಎಲ್ಲಿಂದ ಬಂದೆ, ಬೆಳಗ್ಗೆ ಏನು ತಿಂದೆ, ನಿಮ್ಮ ಮನೆಯಲ್ಲಿ ಹುಳುವಿಗೆ ಹಾಲುರೋಗ ಬಂದಿದೆಯಂತಲ್ಲ, ನಿಜವಾ. ಉತ್ತರದ ಧಾಟಿಯಲ್ಲೇ ಬಂದವನು ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ತೀರ್ಮಾನವಾಗುತ್ತಿತ್ತು. ಅಜ್ಜಿಯ ತವರು ಗೌನಿಪಲ್ಲಿ ಕಡೆ. ಮನೆಯಲ್ಲಿ ಕನ್ನಡ ಆಡುವವಳಿಗೆ ಅನುಮಾನ ಬಂದರೆ ಮಾತ್ರ ತೆಲುಗು ಬರುತ್ತಿತ್ತು. "ಎವುರದಿ?" ಎಂದು ಅವಳು ಕೇಳಿದಳೆಂದರೆ ಯಾರದು ಎಂಬ ಪ್ರಶ್ನೆ ಅಷ್ಟೇ ಅಲ್ಲ, ನಂಬಿಕೆ ಹೋಗಿದೆ ಎಂದೂ ನಮಗೆ ಅರ್ಥವಾಗುತ್ತಿತ್ತು. ನಾನು ಈಗ ಹಾಲಿನ ಸಂಘವೊಂದರಲ್ಲಿ ಕಾರ್ಯದರ್ಶಿ. ದಿನಾ ಬೆಳಗ್ಗೆ ನೂರು ಮನೆಯ ಕ್ಯಾನು ನನ್ನ ಮುಂದೆ ಬರುತ್ತದೆ, ಯಾವುದರಲ್ಲಿ ನೀರಿದೆ ಎಂದು ಯಂತ್ರ ಹೇಳುವ ಮೊದಲೇ ನಾನು ತಂದವರ ಕಾಲು ನೋಡಿರುತ್ತೇನೆ. ಈ ಗುಣ ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ಆ ಒಂದು ಬೇಸಿಗೆಯ ಕತೆ ಹೇಳಬೇಕಾಗುತ್ತಿತ್ತು.

ಆ ಬೇಸಿಗೆಗೆ ನಾನು ಏಳನೇ ತರಗತಿ ಮುಗಿಸಿದ್ದೆ. ಮುಗಿಸಿದ್ದೆ ಅನ್ನುವುದಕ್ಕಿಂತ ದಾಟಿಸಿದ್ದರು. ಊರಿನ ಶಾಲೆಯ ಮೇಷ್ಟ್ರಿಗೆ ಬುದ್ಧಿ ಎಂದರೆ ಮಗ್ಗಿ. ನಿಲ್ಲಿಸಿ ಹದಿಮೂರರ ಮಗ್ಗಿ ಕೇಳಿದರೆ ನನ್ನ ಬಾಯಿ ಒಣಗುತ್ತಿತ್ತು. ಹದಿಮೂರು ಐದಲ ತನಕ ಹೋಗಿ ಅಲ್ಲೇ ಕುಸಿಯುತ್ತಿದ್ದೆ. ತಪ್ಪಿದ್ದಕ್ಕೆ ಬೆರಳ ಗಿಣ್ಣಿನ ಮೇಲೆ ಏಟು, ಏಟಿಗೆ ಹೆದರಿ ಮುಂದಿನದೂ ತಪ್ಪು. ಕೊನೆಗೆ ಮೇಷ್ಟ್ರು ಒಂದು ದಿನ ನಮ್ಮ ಜಗಲಿಗೇ ಬಂದು, ಅಜ್ಜಿಯ ವಿಚಾರಣೆ ಮುಗಿಸಿಕೊಂಡು, ಕಾಲು ತೊಳೆದು ಕೂತು ಅಪ್ಪನಿಗೆ ಹೇಳಿದರು:

"ಇವಳ ತಲೆಗೆ ಹತ್ತಲ್ಲ ಕಣಪ್ಪ. ಹುತ್ತೂರಿಗೆ ಕಳಿಸಿ ಬಸ್ಸಿಗೆ ಯಾಕೆ ಸುರೀತೀಯ? ಹುಳ ಮೇಯಿಸೋಕೆ ಒಂದು ಕೈ ಆಗ್ತದೆ, ಇಟ್ಕೋ."

ಅಪ್ಪ ಕೆಟ್ಟವನಲ್ಲ. ಆದರೆ ಅವನಿಗೆ ಈ ಮಾತು ಅನುಕೂಲವಾಗಿತ್ತು. ಎಂಟನೇ ತರಗತಿ ಹುತ್ತೂರಿನಲ್ಲಿ, ಸೊಪ್ಪು ಕೊಯ್ಯುವ ಹೊತ್ತು ಮತ್ತು ಶಾಲೆಯ ಹೊತ್ತು ಒಂದೇ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ಓದಿನ ಮೇಲೆ ದೊಡ್ಡ ಪ್ರೀತಿ ಇತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಆದರೆ ಆ ಕದ ಇನ್ನು ನನ್ನ ಹಿಂದೆಯೂ ಮುಚ್ಚಿಕೊಳ್ಳುತ್ತದೆ, ಒಳಗಿನಿಂದ ಯಾರದು ಯಾರದು ಎಂದು ಕೇಳುತ್ತಾ ನಾನೂ ಅಜ್ಜಿಯಾಗುತ್ತೇನೆ ಎಂದು ಗೊತ್ತಾಯಿತು.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಕೋಲಾರದ ಕಾಲೇಜೊಂದರ ಲೈಬ್ರರಿಯಲ್ಲಿ ಅಟೆಂಡರು. ಶನಿವಾರ ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದ. ಕ್ಯಾರಿಯರಿಗೆ ಹುರಿ ಬಿಗಿದ ಹಳೆಯ ಪತ್ರಿಕೆಗಳ ಕಟ್ಟು; ಕಾಲೇಜಿನಲ್ಲಿ ತೂಕಕ್ಕೆ ಹಾಕಲು ಎತ್ತಿಟ್ಟದ್ದನ್ನು ಕೇಳಿ ಪಡೆದವು. ಇಂಗ್ಲಿಷಿನ ವಿಜ್ಞಾನ ಪತ್ರಿಕೆಯನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ನಮಗೆ ಮುದ್ದೆ ಮುರಿಯುವಾಗ ಹೇಳುತ್ತಿದ್ದ. ಯಂತ್ರಕ್ಕೆ ಬುದ್ಧಿ ಕೊಡಬಹುದಾ ಎಂದು ಹೊರದೇಶದಲ್ಲಿ ದೊಡ್ಡ ದೊಡ್ಡ ಗಣಿತದವರು ಕೂತು ಯೋಚಿಸುತ್ತಿರುವುದನ್ನು ನಾನು ಮೊದಲು ಕೇಳಿದ್ದು ಹೀಗೆ, ಒಗ್ಗರಣೆಯಿಲ್ಲದ ಸಾರಿನ ಜೊತೆಗೆ. ಒಬ್ಬರು ಹೇಳಿದ್ದರಂತೆ: ಪರದೆಯ ಆಚೆ ಒಂದು ಕಡೆ ಮನುಷ್ಯ, ಒಂದು ಕಡೆ ಯಂತ್ರ ಇರಲಿ. ಈಚೆಯಿಂದ ಪ್ರಶ್ನೆ ಬರೆದು ಕಳಿಸು. ಉತ್ತರ ನೋಡಿ ಯಾರು ಮನುಷ್ಯ ಎಂದು ಹೇಳಲಾಗದಿದ್ದರೆ ಯಂತ್ರಕ್ಕೆ ಬುದ್ಧಿ ಇದೆ ಎಂದುಕೊಳ್ಳೋಣ.

"ಇದೇನು ದೊಡ್ಡ ವಿಷ್ಯ? ನಾನು ದಿನಾ ಮಾಡ್ತೀನಿ," ಅಂದಳು ಅಜ್ಜಿ.

"ನೀನು ಕೊನೆಗೆ ಕದ ತೆಗೆದು ನೋಡ್ತೀಯ ಅವ್ವ. ಅವರು ತೆಗೆಯಲ್ಲ."

"ತೆಗೀದೆ ನಂಬ್ತಾರಾ? ದಡ್ಡ ಮುಂಡೇವು."

ಇನ್ನೊಂದು ಸಲ ಚಿಕ್ಕಪ್ಪ ಗೊಂಬೆಯ ಕತೆ ಹೇಳಿದ. ಬಹಳ ಹಿಂದೆ ಒಬ್ಬ ಒಂದು ಗೊಂಬೆ ಮಾಡಿದ್ದ, ತಲೆಗೆ ಪೇಟ, ಮುಂದೆ ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚದುರಂಗ. ಗೊಂಬೆ ತಾನೇ ಕೈ ಎತ್ತಿ ಕಾಯಿ ನಡೆಸುತ್ತಿತ್ತು, ರಾಜರನ್ನೆಲ್ಲ ಸೋಲಿಸುತ್ತಿತ್ತು. ಬಾಗಿಲು ತೆಗೆದು ತೋರಿಸಿದರೆ ಒಳಗೆ ಬರೀ ಚಕ್ರ. ಎಷ್ಟೋ ವರ್ಷವಾದ ಮೇಲೆ ಗೊತ್ತಾಯಿತು, ಚಕ್ರಗಳ ಹಿಂದೆ ಒಬ್ಬ ಮನುಷ್ಯ ಮುದುರಿಕೊಂಡು ಕೂತಿರುತ್ತಿದ್ದ. ಇದನ್ನು ಕೇಳಿ ಅಜ್ಜಿಗೆ ಆದ ಸಂತೋಷ ಹೇಳತೀರದು. ಅವತ್ತಿನಿಂದ ಚಿಕ್ಕಪ್ಪ ಯಾವ ಯಂತ್ರದ ಸುದ್ದಿ ತೆಗೆದರೂ, ಊರಿಗೆ ಬಂದ ಹೊಸ ಪಂಪ್‌ಸೆಟ್ಟಿನ ಸುದ್ದಿಯಾದರೂ ಸರಿ, ಅವಳದು ಒಂದೇ ಪ್ರಶ್ನೆ:

"ಲೋಪಲ ಎವುರುಂಡಾರ್ರಾ?"

ಒಳಗೆ ಯಾರಿದ್ದಾರೋ ಎಂದು. ಅಪ್ಪ ನಗುತ್ತಿದ್ದ. ಚಿಕ್ಕಪ್ಪನ ಮುಖ ಕೆಂಪಾಗುತ್ತಿತ್ತು.

ಮೇಷ್ಟ್ರು ಬಂದು ಹೋದ ಶನಿವಾರ ಜಗಳ ಆಯಿತು. ಚಿಕ್ಕಪ್ಪ ತಟ್ಟೆಯನ್ನು ಸರಿಸಿ, ಬೆಂಕಿಪೊಟ್ಟಣಕ್ಕೆ ಆಟ ಕಲಿಸಿದವರಿದ್ದಾರೆ, ನಮ್ಮ ಹುಡುಗಿಗೆ ಕಲಿಸೋಕಾಗಲ್ವಾ ಅಣ್ಣ, ಅಂದ. ಬರೀ ಮಾತಲ್ಲ ಅದು. ಅಂಥದೊಂದು ಲೇಖನ ಅವನ ಕಟ್ಟಿನಲ್ಲಿತ್ತು. ಖಾಲಿ ಬೆಂಕಿಪೊಟ್ಟಣ ಜೋಡಿಸಿ, ಒಳಗೆ ಮಣಿ ಹಾಕಿ, ಅವು ಆಡಿ ಆಡಿ ಸೋತು ತಾವಾಗಿಯೇ ಗೆಲ್ಲುವುದನ್ನು ಕಲಿಯುವ ಹಾಗೆ ಮಾಡಬಹುದು.

"ಬೆಂಕಿಪೊಟ್ಟಣ ಕಲೀತದಾ?" ಅಪ್ಪ ಎಂಜಲು ಕೈಯಲ್ಲೇ ನಕ್ಕ. "ಸರಿ, ಕಲಿಸು. ಈ ಸಲದ ಹುಳ ಹಣ್ಣಾಗೋದರೊಳಗೆ ಕಲಿಸು. ನಾಲ್ಕನೇ ಜ್ವರದಾಗೆ ಹತ್ತು ಆಟ ಆಡ್ತೀನಿ. ಹತ್ತಕ್ಕೆ ಹತ್ತೂ ನನ್ನ ಸೋಲಿಸಿದ್ರೆ ಇವಳು ಹುತ್ತೂರಿಗೆ ಹೋಗ್ಲಿ. ಒಂದರಲ್ಲಿ ನಾನು ಗೆದ್ರೂ ಈ ಮನೇಲಿ ಯಾರೂ ಸ್ಕೂಲಿನ ಮಾತು ಎತ್ತಬಾರದು."

ಹಣ್ಣಾಗುವುದೆಂದರೆ ಹುಳು ಗೂಡು ಕಟ್ಟಲು ತಯಾರಾಗುವುದು. ಜ್ವರ ಎಂದರೂ ಕಾಯಿಲೆಯಲ್ಲ. ಹುಳು ನಾಲ್ಕು ಸಲ ಚರ್ಮ ಕಳಚುತ್ತದೆ, ಆಗ ಒಂದು ದಿನ ಮೇವು ಬಿಟ್ಟು ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಸೊಪ್ಪು ಕೊಯ್ಯುವಂತಿಲ್ಲ, ಕತ್ತರಿಸುವಂತಿಲ್ಲ, ತಟ್ಟೆ ಮುಟ್ಟುವಂತೆಯೇ ಇಲ್ಲ. ಇಡೀ ಬೆಳೆಯಲ್ಲಿ ಮನೆಯವರ ಕೈ ಖಾಲಿಯಾಗುವುದು ಆ ನಾಲ್ಕು ದಿನ ಮಾತ್ರ. ನಮ್ಮ ಮನೆಯ ಮದುವೆ ಮಾತುಕತೆ, ತಲೆಗೆ ಎಣ್ಣೆ, ಜಗಳ, ಎಲ್ಲವೂ ಹುಳುವಿನ ಜ್ವರದಲ್ಲೇ ನಡೆಯುತ್ತಿದ್ದದ್ದು. ಈ ಪಂದ್ಯವೂ ಹಾಗೆಯೇ.

ಚಿಕ್ಕಪ್ಪ ಕಾಲೇಜಿಗೆ ಒಂದು ತಿಂಗಳು ರಜೆ ಹಾಕಿದ. ಇಪ್ಪತ್ತನಾಲ್ಕು ಖಾಲಿ ಪೊಟ್ಟಣ ಕೂಡಿಸಿದ. ಮದ್ದಿನ ವಾಸನೆ ಹೋಗುವ ತನಕ ಒಳಗೆ ತರಕೂಡದು ಎಂದು ಅಜ್ಜಿ ಅವನ್ನು ಮೂರು ದಿನ ಬಿಸಿಲಿನಲ್ಲಿ ಒಣಗಿಸಿದಳು. ಆಟ ಸಣ್ಣದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಮನೆ. ಅಪ್ಪನಿಗೆ ಮೂರು ಬಿಳಿ ಕಲ್ಲು, ಪೊಟ್ಟಣಗಳಿಗೆ ಮೂರು ಕರಿ ಕಲ್ಲು. ಮೊದಲ ನಡೆ ಯಾವಾಗಲೂ ಅಪ್ಪನದು. ಎದುರಿನ ಮನೆ ಖಾಲಿಯಿದ್ದರೆ ಕಲ್ಲು ಒಂದು ಮನೆ ಮುಂದೆ ಹೋಗಬಹುದು, ಓರೆಯಲ್ಲಿದ್ದ ಎದುರು ಕಲ್ಲನ್ನು ಹೊಡೆಯಬಹುದು. ಆಚೆ ದಡ ಮುಟ್ಟಿದವರು ಅಥವಾ ಎದುರಾಳಿಗೆ ನಡೆಯೇ ಇಲ್ಲದಂತೆ ಮಾಡಿದವರು ಗೆದ್ದಂತೆ. ಕಲ್ಲುಗಳು ಯಾವ ಯಾವ ರೀತಿ ನಿಲ್ಲಬಹುದೋ ಅಷ್ಟೂ ಚಿತ್ರ ಬರೆದು, ಒಂದೊಂದು ಪೊಟ್ಟಣದ ಮೇಲೆ ಒಂದೊಂದು ಅಂಟಿಸಿ, ಒಂದರಿಂದ ಇಪ್ಪತ್ತನಾಲ್ಕರ ತನಕ ನಂಬರು ಹಾಕಿದ. ಪೊಟ್ಟಣದೊಳಗೆ ಬೀಜ. ಹುಣಸೆ ಬೀಜ ಬಂದರೆ ಈ ನಡೆ, ಕಡಲೆ ಬಂದರೆ ಆ ನಡೆ, ಅವರೆಯಾದರೆ ಇನ್ನೊಂದು, ಹುರುಳಿಯಾದರೆ ಮತ್ತೊಂದು. ಪತ್ರಿಕೆಯಲ್ಲಿ ಬಣ್ಣದ ಗಾಜಿನ ಮಣಿ ಎಂದಿತ್ತು. ನಮ್ಮ ಮನೆಯಲ್ಲಿ ಮಣಿ ಎಲ್ಲಿಂದ ಬರಬೇಕು, ಬೀಜವೂ ಮಣಿಯೇ ತಾನೇ ಎಂದು ಚಿಕ್ಕಪ್ಪ ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕಿದ.

ಕಲ್ಲು ನಿಂತ ರೀತಿಗೆ ಹೊಂದುವ ಚಿತ್ರದ ಪೊಟ್ಟಣದಿಂದ ಒಳಗೆ ನೋಡದೆ ಒಂದು ಬೀಜ ತೆಗೆಯಬೇಕು, ಅದು ಹೇಳಿದಂತೆ ಕಲ್ಲು ನಡೆಸಬೇಕು. ಪೊಟ್ಟಣ ಸೋತರೆ, ಕೊನೆಯ ನಡೆ ಹೇಳಿದ ಬೀಜವನ್ನು ತೆಗೆದು ಎಸೆಯಬೇಕು, ಇನ್ನೊಂದು ಸಲ ಆ ತಪ್ಪು ಅದಕ್ಕೆ ಸಾಧ್ಯವೇ ಇಲ್ಲದ ಹಾಗೆ. ಗೆದ್ದರೆ ಬೀಜಗಳನ್ನು ಇದ್ದಲ್ಲಿಗೇ ವಾಪಸ್ಸು ಹಾಕುವುದು. ಕಲಿಯುವುದು ಎಂದರೆ ಇಷ್ಟೇ ಅಂದ ಚಿಕ್ಕಪ್ಪ.

"ಬೀಜ ನೀನು ಮುಟ್ಟಬಾರದು," ಎಂದು ಅಪ್ಪ ತಮ್ಮನಿಗೆ ಹೇಳಿ ನನ್ನ ಕಡೆ ಕೈ ತೋರಿಸಿದ. "ಗೊಂಬೆ ಒಳಗೆ ಕೂತೋನ ಕತೆ ನೀನೇ ಹೇಳಿದ್ದು. ರತ್ನಿ ತೆಗೀಲಿ. ಮೋಸ ಮಾಡೋಕೂ ತಲೆ ಬೇಕಲ್ಲ, ಅದು ಇವಳಿಗಿಲ್ಲ."

ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕ. ಅವನು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಮೊದಲನೇ ಜ್ವರದಲ್ಲಿ ಎಂಟು ಆಟ ನಡೆದವು. ಐದು ಸೋಲು. ಸೋತಾಗಲೆಲ್ಲ ಅಪ್ಪ ಮೀಸೆ ತಿರುವುತ್ತಿದ್ದ, ಚಿಕ್ಕಪ್ಪ ಮಾತ್ರ ಒಳ್ಳೆಯದಾಯಿತು ಒಳ್ಳೆಯದಾಯಿತು ಅನ್ನುತ್ತಾ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದ. ನಾನು ಜೀವಮಾನದಲ್ಲಿ ಮೊದಲ ಸಲ ಸೋತಾಗ ಏಟು ಬೀಳದ ಒಂದು ಪಾಠವನ್ನು ನೋಡಿದೆ. ತಪ್ಪಿದರೆ ಒಂದು ಕಾಳು ಹೋಗುತ್ತದೆ, ಅಷ್ಟೆ. ಸಂಜೆ ಆಟ ಮುಗಿದ ಮೇಲೆ ಅಪ್ಪ ಪೊಟ್ಟಣಗಳನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿ ಟ್ರಂಕಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. ತಮ್ಮನೋ ಹೆಂಡತಿಯೋ ಬೀಜ ಬದಲಾಯಿಸುತ್ತಾರೆಂದು ಅವನಿಗೆ ಅನುಮಾನ. ಅಪ್ಪ ಟ್ರಂಕು ತೆಗೆದು ಗಂಟು ಬಿಚ್ಚಿ ತಾನೇ ಬದಲಾಯಿಸುತ್ತಾನೆಂದು ಚಿಕ್ಕಪ್ಪನಿಗೆ ಅನುಮಾನ. ಇಬ್ಬರೂ ದಿನಕ್ಕೆರಡು ಸಲ ಟ್ರಂಕಿನ ಕಡೆ ನೋಡಿಕೊಂಡು ಓಡಾಡುತ್ತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ.

ಎರಡನೇ ಜ್ವರದ ದಿನ ಅಪ್ಪ ಮಾಲೂರಿನ ಅತ್ತೆಗೆ ಹುಷಾರಿಲ್ಲವೆಂದು ಹೋಗಿ ಸಂಜೆಗೆ ಬಂದ. ಎರಡೇ ಆಟ, ಒಂದು ಸೋಲು. ಮೂರನೆಯದರಲ್ಲಿ ಅವನು ಆಡಲೇ ಇಲ್ಲ.

"ಅದೇನು ಬುದ್ಧಿ ಬಂದೈತೋ ನಾಲ್ಕರಲ್ಲಿ ತೋರಿಸ್ಲಿ. ನನ್ನ ಆಟ ನೋಡಿ ನೋಡಿ ಕಲಿಯೋಕೆ ನಾನ್ಯಾಕೆ ಬಿಡಲಿ?"

ಚಿಕ್ಕಪ್ಪ ಜಗಲಿಯ ಕಂಬಕ್ಕೆ ಒರಗಿ ನೋಟ್‌ಬುಕ್ಕು ತೆರೆದು ಕೂತಿದ್ದ. ಅಮ್ಮನ ಹತ್ತಿರ, ಹತ್ತು ಹನ್ನೊಂದು ಸೋಲಾದರೂ ಬೇಕು ಅತ್ತಿಗೆ, ಆರೇ ಆಗಿರೋದು, ಇನ್ನೂ ಸೋತಿದ್ರೆ ಗೆಲ್ತಿತ್ತು, ಅಂದ. ಅವನ ದನಿ ಇಳಿದುಹೋಗಿತ್ತು. ನಾನು ಕಾಳು ಆರಿಸುತ್ತಾ ಕೂತವಳು ಕಣ್ಣು ಮುಚ್ಚಿಕೊಂಡು ನೋಡಿದೆ. ಒಂಬತ್ತು ಮನೆ ಕಂಡವು. ಕಲ್ಲುಗಳು ಕಂಡವು. ಏಳನೇ ಪೊಟ್ಟಣದಲ್ಲಿ ಹುಣಸೆ ಬಂದರೆ ಗೆಲುವು, ಕಡಲೆ ಬಂದರೆ ಸೋಲು. ಹನ್ನೊಂದರಲ್ಲಿ ಅವರೆಯೊಂದೇ ಸರಿ, ಮಿಕ್ಕೆರಡೂ ತಪ್ಪು. ಆಡದೆ ಉಳಿದ ಪೊಟ್ಟಣಗಳನ್ನೂ ಒಂದೊಂದಾಗಿ ಮನಸ್ಸಿನಲ್ಲೇ ಆಡಿಸಿ ನೋಡಿದೆ. ಸಂಜೆಯಾಗುವುದರೊಳಗೆ ಇಪ್ಪತ್ತನಾಲ್ಕೂ ಬಾಯಿಪಾಠವಾಗಿದ್ದವು, ಹದಿಮೂರರ ಮಗ್ಗಿ ಬಾರದವಳಿಗೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿರಲಿಲ್ಲ, ನಂಬಿದ್ದರೆ ಬೀಜ ತೆಗೆಯುವ ಕೆಲಸದಿಂದ ನನ್ನನ್ನು ಎಬ್ಬಿಸುತ್ತಿದ್ದರು.

ನಾಲ್ಕನೇ ಜ್ವರದ ಬೆಳಗ್ಗೆ ನಡುಮನೆಯಲ್ಲಿ ಸದ್ದೇ ಇರಲಿಲ್ಲ. ಸಾವಿರಾರು ಹುಳು ತಲೆಯೆತ್ತಿ ಕೂತಿದ್ದವು. ಅಪ್ಪ ಸ್ನಾನ ಮಾಡಿ ಹಣೆಗಿಟ್ಟುಕೊಂಡು ಬಂದು ಸೀಮೆಸುಣ್ಣದ ಮನೆಗಳ ಮುಂದೆ ಕೂತ. ಅಜ್ಜಿ ಗೋಡೆಗೆ ಒರಗಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಮೊದಲ ಆಟ ಪೊಟ್ಟಣದ್ದು. ಎರಡನೆಯದೂ. ಮೂರನೆಯದಕ್ಕೆ ಅಪ್ಪ ನಡುವಿನ ಕಲ್ಲು ಬಿಟ್ಟು ಅಂಚಿನ ಕಲ್ಲು ನಡೆಸಿದ, ಅದೂ ಹೋಯಿತು. ಐದು ಸೋತಾಗ ಅವನು ಎದ್ದು ನಿಂತ.

"ಏನೋ ನಡೀತೈತೆ ಇಲ್ಲಿ. ಲೇ, ನೀನು ಇವಳಿಗೆ ಕಣ್ಣಲ್ಲಿ ಹೇಳ್ತಾ ಇದ್ದೀಯ."

"ಅಣ್ಣ, ನಿನ್ನಾಣೆಗೂ ಇಲ್ಲ. ಕಲಿತೈತೆ ಅಣ್ಣ ಅದು!" ಚಿಕ್ಕಪ್ಪನ ಕಣ್ಣಲ್ಲಿ ನೀರಿತ್ತು. ಪಟ್ಟಣದ ಮಾತು ಬಿಟ್ಟು ಅವನಿಗೆ ಊರಿನ ಮಾತು ಬಂದಿತ್ತು.

ಅಪ್ಪ ತನ್ನ ಟವೆಲ್ಲು ತೆಗೆದು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದ. ಇನ್ನು ಮುಂದೆ ಚಿತ್ರಕ್ಕೆ ಹೊಂದುವ ಪೊಟ್ಟಣ ಯಾವುದೆಂದು ಚಿಕ್ಕಪ್ಪ ದೂರದಿಂದ ನಂಬರು ಕೂಗಬೇಕು, ಅಪ್ಪ ಅದನ್ನು ತಂದು ನನ್ನ ಕೈಗಿಡಬೇಕು, ನಾನು ಬೀಜ ತೆಗೆದು ಅಪ್ಪನಿಗೇ ಕೊಡಬೇಕು. ಟವೆಲ್ಲಿನಲ್ಲಿ ಬೆವರು, ಸುಣ್ಣ, ಸೊಪ್ಪಿನ ವಾಸನೆ. ಚಿಕ್ಕಪ್ಪ "ಹನ್ನೊಂದು" ಎಂದು ಕೂಗಿದ. ಪೊಟ್ಟಣ ನನ್ನ ಅಂಗೈಗೆ ಬಂತು. ಬೆರಳು ಒಳಗೆ ಬಿಟ್ಟೆ. ಹುಣಸೆ ಬೀಜಕ್ಕೆ ಮೂಲೆ ಇರುತ್ತದೆ, ನುಣುಪು ಇರುತ್ತದೆ. ಕಡಲೆಗೆ ಮೂತಿ. ಹುರುಳಿ ಚಪ್ಪಟೆ. ಅವರೆಯ ಬೆನ್ನಿಗೆ ಒಂದು ಬಿಳಿ ಗೀರಿನ ಉಬ್ಬು, ಉಗುರಿಗೆ ತಾಗುತ್ತದೆ. ಗಂಡಸರಿಗೆ ಇದು ಗೊತ್ತಿಲ್ಲ. ಗೊತ್ತಿರಲು ಅವರು ಎಂದೂ ಮೊರ ಹಿಡಿದು ಕೂತವರಲ್ಲ. ನಾನು ಆರು ವರ್ಷದವಳಿದ್ದಾಗಿನಿಂದ ಅಜ್ಜಿಯ ಪಕ್ಕ ಕೂತು, ಅವಳು ಹೇಳುವ ಮೊಹರಂ ಹುಲಿವೇಷದವರ ಕತೆ ಕೇಳುತ್ತಾ, ಮುಖ ಅವಳ ಕಡೆ ಇಟ್ಟು ಕೈಯಲ್ಲೇ ಕಾಳು ಬೇರ್ಪಡಿಸಿದವಳು.

ಅವರೆ ತೆಗೆದು ಕೊಟ್ಟೆ.

ಆರು, ಏಳು, ಎಂಟು. ಒಂಬತ್ತನೇ ಆಟದ ನಡುವೆ ಮೊರದ ಸದ್ದು ನಿಂತಿತು. ಅಜ್ಜಿ ನನ್ನ ಬೆರಳು ನೋಡುತ್ತಿದ್ದಾಳೆಂದು ಕಣ್ಣು ಕಟ್ಟಿದ್ದರೂ ನನಗೆ ಗೊತ್ತಾಯಿತು. ಆಮೇಲೆ ಅವಳ ದನಿ ಬಂತು, ಮೆಲ್ಲಗೆ, ಕದದ ಆಚೆಯವರನ್ನು ಕೇಳುವ ಅದೇ ದನಿ:

"ಲೋಪಲ ಎವುರುಂಡಾರ್ರಾ?"

"ಸುಮ್ಕಿರವ್ವ, ನೀನೊಬ್ಬಳು," ಎಂದು ಅಪ್ಪ ಗದರಿದ. "ಕಣ್ಣು ಕಟ್ಟಿಲ್ವಾ? ನಾನೇ ಕಟ್ಟಿದೀನಿ."

ಸ್ವಲ್ಪ ಹೊತ್ತಾದ ಮೇಲೆ ಮೊರದ ಸದ್ದು ಮತ್ತೆ ಶುರುವಾಯಿತು.

ಹತ್ತನೇ ಆಟವನ್ನೂ ಅಪ್ಪ ಸೋತ. ಸೋತು ಬಹಳ ಹೊತ್ತು ಕಲ್ಲುಗಳನ್ನೇ ನೋಡುತ್ತಾ ಕೂತು, ಮರುದಿನ ಏಳುವ ಹುಳುವಿಗೆ ಸೊಪ್ಪು ತರಲು ತೋಟಕ್ಕೆ ಹೋದ. ಜ್ವರದಿಂದೆದ್ದ ಹುಳುವಿನ ಹಸಿವು ಕಾಯುವುದಿಲ್ಲ. ಚಿಕ್ಕಪ್ಪ ನನ್ನ ಟವೆಲ್ಲು ಬಿಚ್ಚಿ ತಲೆಗೊಂದು ಮೊಟಕಿ, ಹೋಗ್ತೀಯ ಕಣೇ ರತ್ನಿ, ಹುತ್ತೂರಿಗೆ ಹೋಗ್ತೀಯ, ಅಂದ. ಕಾಲೇಜಿನ ಲೆಕ್ಚರರಿಗೆ ಎಲ್ಲ ಬರೆದು ತೋರಿಸಬೇಕೆಂದು ನೋಟ್‌ಬುಕ್ಕು ತಂದು, ಯಾವ ಪೊಟ್ಟಣದಲ್ಲಿ ಯಾವ ಬೀಜ ಉಳಿದಿದೆ ಎಂದು ಗುರುತು ಹಾಕಿಕೊಳ್ಳಲು ಒಂದೊಂದೇ ತೆರೆದ. ಒಂದು, ಎರಡು, ಮೂರು ಬರೆದುಕೊಂಡ. ಏಳಕ್ಕೆ ಬಂದಾಗ ಬರೆಯುವುದು ನಿಂತಿತು. ಹನ್ನೊಂದನ್ನು ತೆರೆದು ಅಂಗೈಗೆ ಸುರಿದುಕೊಂಡ. ಮೂರು ಕಾಳು. ಒಂದು ಅವರೆ, ಎರಡು ತಪ್ಪು ಕಾಳು.

ನನಗೆ ಆ ಕ್ಷಣವೇ ಅರ್ಥವಾಯಿತು. ಪೊಟ್ಟಣ ಕಲಿಯುವುದೆಂದರೆ ತಪ್ಪು ಕಾಳು ಒಂದೊಂದಾಗಿ ಹೋಗುವುದು. ಹೋಗಬೇಕಾದರೆ ಸೋಲಬೇಕು. ನಾನು ಅವನ್ನು ಸೋಲಲು ಬಿಡಲೇ ಇಲ್ಲ. ಹತ್ತು ಆಟ ಗೆದ್ದ ಪೊಟ್ಟಣಗಳ ಹೊಟ್ಟೆಯಲ್ಲಿ ಮೊದಲು ಹೋದ ಆರು ಬಿಟ್ಟು ಮಿಕ್ಕ ತಪ್ಪುಗಳೆಲ್ಲ ಇದ್ದ ಹಾಗೇ ಇದ್ದವು.

"ಹನ್ನೊಂದು ಇವತ್ತು ನಾಲ್ಕು ಸಲ ತೆರೆದಿದೆ," ಅಂದ ಚಿಕ್ಕಪ್ಪ. ನೋಟ್‌ಬುಕ್ಕಿನ ಗೀಟು ನೋಡಿದ. "ನಾಲ್ಕು ಸಲನೂ ಅವರೆನೇ ಬಂತಾ ರತ್ನಿ?"

ಅವನು ನನ್ನ ಮುಖ ನೋಡಲಿಲ್ಲ. ನನ್ನ ಬಲಗೈ ನೋಡಿದ.

ಅಷ್ಟರಲ್ಲಿ ಅಪ್ಪ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದ. ಹೊರೆ ಇಳಿಸಿ ಕಾಲು ತೊಳೆಯುತ್ತಾ ಅಲ್ಲಿಂದಲೇ ಕೇಳಿದ:

"ಏನ್ಲಾ, ಎಲ್ಲ ಸರಿಯಾಗೈತಾ? ನಿಜವಾಗ್ಲೂ ಕಲಿತೈತಾ ಅದು?"

ಅಜ್ಜಿ ಮೊರ ಕೆಳಗಿಟ್ಟಳು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಚಿಕ್ಕಪ್ಪ ಮೂರು ಕಾಳನ್ನೂ ಪೊಟ್ಟಣಕ್ಕೆ ಹಾಕಿ, ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿ ಮುಚ್ಚಿದ.

"ಕಲಿತಿದೆ ಅಣ್ಣ," ಅಂದ.

ಮರುದಿನ ಬೆಳಗ್ಗೆ ನೀರೊಲೆಯ ಮುಂದೆ ಅವನೊಬ್ಬನೇ ಕೂತು ಇಪ್ಪತ್ತನಾಲ್ಕು ಪೊಟ್ಟಣವನ್ನೂ ಒಂದೊಂದಾಗಿ ಒಲೆಗೆ ಹಾಕುತ್ತಿದ್ದ. ಲೆಕ್ಚರರಿಗೆ ಯಾವುದೂ ಹೋಗಲಿಲ್ಲ. ನಾನು ಜೂನಿನಲ್ಲಿ ಹುತ್ತೂರಿಗೆ ಹೋದೆ, ಓದಿದೆ, ಎಲ್ಲೂ ನಪಾಸಾಗಲಿಲ್ಲ. ಚಿಕ್ಕಪ್ಪ ನನಗೆ ಪುಸ್ತಕ ತಂದುಕೊಟ್ಟ, ಬಸ್ ಪಾಸು ಮಾಡಿಸಿಕೊಟ್ಟ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಯಂತ್ರಗಳ ಕತೆಯನ್ನು ನನ್ನ ಮುಂದೆ ಮತ್ತೆ ಹೇಳಲಿಲ್ಲ. ನಾನು ಕ್ಲಾಸಿಗೆ ಮೊದಲನೆಯವಳಾಗಿ ಬಂದಾಗ ಮಾರ್ಕ್ಸ್ ಕಾರ್ಡು ತಿರುಗಿಸಿ ನೋಡಿ, ಆಮೇಲೆ ಒಂದು ಗಳಿಗೆ ನನ್ನ ಕೈ ನೋಡುತ್ತಿದ್ದ. ಬೇಕೆಂದು ಅಲ್ಲ. ಕಣ್ಣು ತಾನಾಗಿ ಹೋಗುತ್ತಿತ್ತು. ಆ ನೋಟಕ್ಕೆ ಹೆದರಿ ನಾನು ಎರಡು ಸಲ ಓದುವುದನ್ನು ನಾಲ್ಕು ಸಲ ಓದಿದೆ.

ಈಚೆಗೆ ಊರಿಗೆ ಹೋಗಿದ್ದೆ. ನನ್ನ ತಮ್ಮ ಈಗ ಹುಳುವಿಗೆ ಬೇರೆ ಮನೆ ಕಟ್ಟಿಸಿದ್ದಾನೆ. ಅವನ ಮಗಳು ತಟ್ಟೆಯ ಮುಂದೆ ಫೋನು ಹಿಡಿದು, ಹುಳು ಯಾಕೆ ಮೇಯುತ್ತಿಲ್ಲ ಎಂದು ಕೇಳಿದಳು. ಫೋನು ಒಳ್ಳೆಯ ಕನ್ನಡದಲ್ಲಿ, ಚರ್ಮ ಕಳಚುವ ಹಂತದಲ್ಲಿವೆ, ಸೊಪ್ಪು ಹಾಕಬೇಡಿ, ಮುಟ್ಟಬೇಡಿ ಅಂದಿತು. ಉತ್ತರ ಸರಿಯಾಗಿತ್ತು. ತಪ್ಪಿರಲಿ ಎಂದು ನಾನು ಕಾದಿದ್ದೆ. "ಒಳಗೆ ಯಾರಿದ್ದಾರೆ?" ಎಂದು ಕೇಳಿದ್ದಕ್ಕೆ ಹುಡುಗಿ, ಯಾರೂ ಇಲ್ಲ ಅತ್ತೆ, ಅದೇ ಕಲಿತಿರೋದು, ಅಂದಳು.

ಮುಂದಿನ ಭಾನುವಾರ ಕೋಲಾರದಲ್ಲಿ ಬಸ್ಸಿಳಿದು, ಫ್ಯಾನ್ಸಿ ಸ್ಟೋರಿನಲ್ಲಿ ನಾಲ್ಕು ಬಣ್ಣದ ಮಣಿ ಕೊಂಡೆ. ಎಲ್ಲವೂ ಒಂದೇ ಗಾತ್ರ, ಒಂದೇ ನುಣುಪು. ಅಂಗಡಿಯಲ್ಲೇ ಕಣ್ಣು ಮುಚ್ಚಿ ಉರುಳಿಸಿ ನೋಡಿದ್ದೆ. ಬ್ಯಾಗಿನಲ್ಲಿ ಇಪ್ಪತ್ತನಾಲ್ಕು ಪೊಟ್ಟಣ, ಮೇಲೆ ಚಿತ್ರ. ಅಲ್ಲಿಂದ ಚಿಕ್ಕಪ್ಪನ ಮನೆಗೆ ಹೋದೆ. ಅವನಿಗೆ ಈಗ ಎಪ್ಪತ್ತು ದಾಟಿದೆ. ನಾನು ಬ್ಯಾಗಿನಿಂದ ಒಂದೊಂದಾಗಿ ತೆಗೆದು ಮಂಚದ ಮೇಲೆ ಜೋಡಿಸುವುದನ್ನು ಕನ್ನಡಕ ಏರಿಸಿ ನೋಡಿದ. ನಲವತ್ತು ವರ್ಷ ನಾವಿಬ್ಬರೂ ಎತ್ತದ ಮಾತು ಅದು.

"ಕೈ ಮಡಿಲಲ್ಲಿ ಇಟ್ಕೋ. ಮಣಿ ನಾನು ತೆಗೀತೀನಿ," ಅಂದ. "ನೀನು ಅಣ್ಣನ ಕಲ್ಲು ನಡೆಸು."

ನಡೆಸುವುದು ಎಂದರೆ ಬಾಯಲ್ಲಿ ಹೇಳುವುದು. ಕಲ್ಲನ್ನೂ ನನಗೆ ಮುಟ್ಟಗೊಡಲಿಲ್ಲ. ಪೊಟ್ಟಣಗಳು ಸೋಲತೊಡಗಿದವು. ಸೋತಾಗಲೆಲ್ಲ ಅವನು ಒಂದು ಮಣಿ ತೆಗೆದು ಚಹಾ ಲೋಟಕ್ಕೆ ಹಾಕುತ್ತಿದ್ದ. ಲೋಟದಲ್ಲಿ ಹನ್ನೊಂದನೇ ಮಣಿ ಬಿದ್ದ ಮೇಲೆ ಸದ್ದು ನಿಂತಿತು. ನಡುವಿನ ಕಲ್ಲು ನಡೆಸಿದೆ, ಅಂಚಿನದು ನಡೆಸಿದೆ, ಅಪ್ಪ ಮಾಡಿದ ಕಸರತ್ತನ್ನೆಲ್ಲ ಮಾಡಿದೆ. ಸೋತೆ. ಮತ್ತೆ ಸೋತೆ. ಚಿಕ್ಕಪ್ಪ ಲೋಟವನ್ನು ಬೆಳಕಿಗೆ ಹಿಡಿದು ಎಣಿಸಿದ.

"ಅವತ್ತು ಆರಾಗಿತ್ತು. ಇನ್ನೈದು ಸಾಕಿತ್ತು ಕಣೇ."

"ಅಪ್ಪ ಆಡಲಿಲ್ಲವಲ್ಲ ಚಿಕ್ಕಪ್ಪ."

"ಆಡಲಿಲ್ಲ." ಲೋಟ ಕೆಳಗಿಟ್ಟ. "ಬೆಂಕಿಪೊಟ್ಟಣಕ್ಕೆ ಇಷ್ಟು ಸಲ ತಪ್ಪು ಮಾಡು ಅಂತ ನಾನು ಬಿಟ್ಟಿದ್ದೆ. ನಿನಗೆ ಅಷ್ಟು ಬಿಟ್ಟೋರು ಯಾರೂ ಇರಲಿಲ್ಲ. ಆಮೇಲೆ ಹೊಳೀತು ನನಗೆ. ಹೇಳೋಕಾಗಲಿಲ್ಲ."

ನಾನು ಅವನ ಕೈ ಹಿಡಿಯಲು ಹೋದೆ. ಅವನಿಗೆ ಅದು ಬೇಡವಾಗಿತ್ತೇನೋ, ಪೊಟ್ಟಣಗಳನ್ನು ಮತ್ತೆ ಸಾಲಾಗಿ ಇಟ್ಟು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ.

"ಇನ್ನೊಂದು ಆಟ. ನಿನ್ನ ಮುಖ ಇಲ್ಲಿರೋದೇ ಬೇಡ. ಆಚೆ ಹೋಗಿ ಕೂತ್ಕೋ, ಕದ ಹಾಕ್ತೀನಿ. ನಡೆ ಕೂಗಿ ಹೇಳು."

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕದ ಮುಚ್ಚಿತು. ನಡುವಿನ ಕಲ್ಲು ಒಂದು ಮನೆ ಮುಂದೆ ಎಂದು ಕೂಗಿದೆ. ಒಳಗೆ ಪೊಟ್ಟಣ ಜಾರಿದ ಸದ್ದು, ಮಣಿಗಳು ಅಲುಗಿದ ಸದ್ದು, ಆಮೇಲೆ ಚಿಕ್ಕಪ್ಪನ ದನಿಯಲ್ಲಿ ಉತ್ತರ. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ನಾಲ್ಕನೇ ನಡೆಗೆ ನಾನು ಸೋತಿದ್ದೆ. ಸೋತು ಕೂತವಳಿಗೆ, ಮಣಿಗಳಿಗೆ ಬಣ್ಣ ಇದೆ ಎಂಬುದು ನೆನಪಾಯಿತು. ಒಳಗೆ ಕೂತವನ ಕಣ್ಣು ಯಾರೂ ಕಟ್ಟಿರಲಿಲ್ಲ.

ಎದ್ದು ಕದ ಬಡಿದೆ.

"ಎವುರದಿ?" ಎಂದಿತು ಒಳಗಿನ ದನಿ, ಥೇಟ್ ಅಜ್ಜಿಯ ಹಾಗೆ.

"ಕದ ತೆಗಿ ಚಿಕ್ಕಪ್ಪ," ಅಂದೆ. "ಕೈ ತೋರಿಸು."

ಒಳಗಿನಿಂದ ನಗು ಕೇಳಿಸಿತು. ಚಿಲಕ ತೆಗೆಯಲು ಬಹಳ ಹೊತ್ತು ಮಾಡಿದ.